ಸತ್ಯಾಂಶ: ಸ್ಕ್ಯಾನರ್ ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿಲ್ಲ

ಸೆಕೆಂಡ್ ಹ್ಯಾಂಡ್ ಆಡಿ, ಫೋಕ್ಸ್‌ವ್ಯಾಗನ್ ಕಾರು ಇಟ್ಟುಕೊಂಡವರ ನಡುವೆ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತದೆ: ‘ಪಿ0171 ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಹೋಯ್ತು, ಬದಲಿಸಿ.’

ಹಾಗೇನಿಲ್ಲ. ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದಷ್ಟೇ ಸ್ಕ್ಯಾನರ್ (ಕಾರಿಗೆ ಜೋಡಿಸಿ ದೋಷ ಓದುವ ಸಾಧನ) ತೋರಿಸುವ ಆ ಕೋಡ್ ಹೇಳುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆದು ಅದನ್ನು ಪತ್ತೆಹಚ್ಚಿದ್ದೇ ಆ ಸೆನ್ಸರ್ ಅಲ್ವಾ? ಸುಮ್ನೆ ಅದನ್ನೇ ಕಿತ್ತುಹಾಕಿದರೆ ದುಡ್ಡು ದಂಡ.

ಈ ಕಾರುಗಳ 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್‌ಗಳಲ್ಲಿ, ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಪಿಸಿವಿ ವಾಲ್ವ್‌ನ ರಬ್ಬರ್ ಪರದೆ ಹರಿಯುವುದು ಹಳೇ ಕಾಯಿಲೆ. ಆ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ (ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತದೆ ಓಡುವಾಗ) ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಮೆಲ್ಲಗೆ ಎತ್ತಿ ನೋಡಿ. ಸ್ವಲ್ಪ ಎಳೆತ ಸಹಜ. ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಂಡಿದ್ದು, ಎತ್ತಿದ ಕೂಡಲೇ ಸಿಳ್ಳೆಯಂಥ ಸದ್ದು ನಿಂತರೆ ಪರದೆ ಹರಿದಿರುವ ಸಾಧ್ಯತೆಯೇ ಹೆಚ್ಚು. ತೋಳು, ಶಾಲು ಎಂಜಿನ್‌ನ ತಿರುಗುವ ಬೆಲ್ಟಿನಿಂದ ದೂರ ಇರಲಿ.

ಅಗ್ಗದ ಸ್ಕ್ಯಾನರ್‌ನಲ್ಲೂ ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಶೇಕಡಾ ಲೆಕ್ಕ) ಕಾಣುತ್ತದೆ. ಐಡಲ್‌ನಲ್ಲಿ ಪ್ಲಸ್ ಶೇ 20ರಷ್ಟಿದ್ದು, ಎಂಜಿನ್ ವೇಗ 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಇಳಿದರೆ ಗಾಳಿ ಸೋರಿಕೆ ಹುಡುಕಿ. ಆರ್‌ಪಿಎಂ ಜೊತೆಗೆ ಅದೂ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್, ಗಾಳಿ ಅಳೆಯುವ ಮಾಫ್ ಸೆನ್ಸರ್ ಕಡೆ ನೋಡಬೇಕು.