ಓಟದ ಲಾಭಗಳನ್ನು ಬರೆಯಿರಿ (5 ಅಂಕ)

ಹೆಣ್ಣುಮಕ್ಕಳ ಶಾಲೆಯ ವೇಳಾಪಟ್ಟಿಯಲ್ಲಿ ಒಂದು ಅಪರೂಪದ ಪೀರಿಯಡ್ ಇರುತ್ತದೆ. ಹೆಸರು 'ಆರೋಗ್ಯ ಮತ್ತು ದೈಹಿಕ ಶಿಕ್ಷಣ'. ಅದು ನಡೆಯುವುದೂ ಇಲ್ಲ, ರದ್ದಾಗುವುದೂ ಇಲ್ಲ. ಗಣಿತದ ಮೇಡಂ ಬಾಗಿಲಲ್ಲಿ ನಿಂತು, "ಪೋರ್ಷನ್ ಬಾಕಿ ಇದೆ, ಇವತ್ತೊಂದು ದಿನ ನಿಮ್ಮ ಪೀರಿಯಡ್ ಕೊಡ್ತೀರಾ?" ಅಂತ ಕೇಳುತ್ತಾರೆ. ಪಿ.ಟಿ. ಮೇಡಂ ಕೊಡುತ್ತಾರೆ. ಪಾಪ, ಕೊಡದೆ ಏನು ಮಾಡಿಯಾರು? ಬಡ್ಡಿ ಲೆಕ್ಕವನ್ನು ಬೋರ್ಡ್ ತುಂಬ ಕಲಿಸುವವರು ಈ ಒಂದು ಸಾಲದ ಅಸಲನ್ನೂ ತೀರಿಸುವುದಿಲ್ಲ.

ಹಾಗಂತ ವಿಷಯವನ್ನು ಶಾಲೆ ಕಡೆಗಣಿಸಿದೆ ಅಂತ ಯಾರೂ ಹೇಳುವ ಹಾಗಿಲ್ಲ. ಪರೀಕ್ಷೆ ಇದೆಯಲ್ಲ! ಎರಡು ಗಂಟೆ, ಲಿಖಿತ, ಕುರ್ಚಿಯಿಂದ ಏಳುವ ಹಾಗಿಲ್ಲ. 'ಓಟದ ಐದು ಲಾಭಗಳನ್ನು ಬರೆಯಿರಿ.' ಮೊದಲ ಬೆಂಚಿನ ಹುಡುಗಿ ಹೃದಯ, ಶ್ವಾಸಕೋಶ, ಮೂಳೆ, ಸ್ನಾಯು, ಮನಸ್ಸು ಅಂತ ಚಕಚಕನೆ ಬರೆದು, ಅಡಿಗೆರೆ ಎಳೆದು, ಐದಕ್ಕೆ ಐದು ತೆಗೆದುಕೊಂಡಳು. ಅವಳು ಓಡಿದ್ದನ್ನು ಕಂಡವರಿಲ್ಲ. ಹಿಂದಿನ ಬೆಂಚಿನವಳು ಅದೇ ವಾರ ಕಾರಿಡಾರಿನಲ್ಲಿ ಓಡಿದ ತಪ್ಪಿಗೆ ಕ್ಲಾಸಿನ ಹೊರಗೆ ನಿಂತಿದ್ದಳು. ಅವಳ ಉತ್ತರ: 'ಮೊದಲು ಏದುಸಿರು ಬರುತ್ತದೆ. ಆಮೇಲೆ ಮಜಾ ಬರುತ್ತದೆ.' ಒಂದು ಅಂಕ. ಮಜಾ ಸಿಲಬಸ್‌ನಲ್ಲಿ ಇಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಷ್ಟು ಆಡಬೇಕು, ಓಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ! ವಾರಕ್ಕಲ್ಲ. 2016ರ ಅಂಕಿಅಂಶ ಜೋಡಿಸಿ ಅದೇ ಸಂಸ್ಥೆಯವರು ಲೆಕ್ಕ ಹಾಕಿದಾಗ, 11ರಿಂದ 17 ವರ್ಷದ ಹುಡುಗಿಯರಲ್ಲಿ ಜಗತ್ತಿನಾದ್ಯಂತ ಶೇ. 85ರಷ್ಟು ಮಂದಿ ಈ ಗೆರೆಯನ್ನು ಮುಟ್ಟಿರಲಿಲ್ಲ. ಹುಡುಗರದ್ದೂ ಏನು ದೊಡ್ಡ ಸಾಧನೆಯಲ್ಲ, ಶೇ. 78. ಆದರೂ ಅವರಿಗಿಂತ ನಾವು ಮುಂದೆ ಅಂತ ಹೆಣ್ಣುಮಕ್ಕಳ ಶಾಲೆಗಳು ಹೆಮ್ಮೆಪಡಬಹುದು.

ಈ ಹೆಮ್ಮೆಗೆ ಇತಿಹಾಸವೂ ಇದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರು 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದರು. ಫೈನಲ್‌ನಲ್ಲಿದ್ದ ಒಂಬತ್ತೂ ಮಂದಿ ಓಟ ಮುಗಿಸಿದರು. ಮುಗಿಸಿದ ಮೇಲೆ ಕೆಲವರು ಸುಸ್ತಾಗಿ ನೆಲಕ್ಕೆ ಒರಗಿದರು. ಜೋರಾಗಿ ಓಡಿದವರು ಯಾರಾದರೂ ಅದನ್ನೇ ಅಲ್ವಾ ಮಾಡುವುದು? ಆದರೆ ಪತ್ರಿಕೆಗಳಲ್ಲಿ ಓಡಿದವರೆಲ್ಲ ಕುಸಿದುಬಿದ್ದರು ಅನ್ನುವ ಹಾಗೆ ಸುದ್ದಿ ಬಂತು. ದೊಡ್ಡವರು ಸೇರಿ ಹೆಂಗಸರ ಆ ಓಟವನ್ನೇ ಕಿತ್ತುಹಾಕಿದರು. ಅದು ಮತ್ತೆ ಒಲಿಂಪಿಕ್ಸ್‌ಗೆ ಬಂದಿದ್ದು 1960ರಲ್ಲಿ. ನಮ್ಮ ಶಾಲೆಗಳು ಇನ್ನೂ 1928ರ ಪೇಪರನ್ನೇ ಓದುತ್ತಿರುವ ಹಾಗಿದೆ. "ಬಿಸಿಲಲ್ಲಿ ತಲೆ ತಿರುಗೀತು", "ಬಿದ್ದು ಮುಖಕ್ಕೆ ಕಲೆಯಾದೀತು", "ದೊಡ್ಡವಳಾಗಿದ್ದೀಯ, ಇನ್ನೂ ಏನು ಕುಣಿತ?" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ನೆಲಕ್ಕೇ ಬೀಗ ಹಾಕಿದೆ.

ಬೀಗ ಅಂದಾಗ ನೆನಪಾಯಿತು, ವಾಲಿಬಾಲ್. ಅದು ಸ್ಟಾಫ್ ರೂಮಿನ ಬೀರುವಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಹೊಸದಾಗಿಯೇ ಇದೆ. ಹುಡುಗಿಯರ ಕೈಗೆ ಕೊಟ್ಟರೆ ಹಾಳಾಗುತ್ತದಂತೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ವರ್ಷವರ್ಷವೂ 'ಸುಸ್ಥಿತಿಯಲ್ಲಿದೆ' ಅಂತ ಸಹಿ ಬೀಳುತ್ತದೆ. ಒಳಗೆ ಗಾಳಿ ಇದೆಯೋ ಇಲ್ಲವೋ, ಆ ಕಾಲಂ ರಿಜಿಸ್ಟರ್‌ನಲ್ಲಿ ಇಲ್ಲ.

ಇನ್ನು ಆರೋಗ್ಯದ ಪಾಠ. ಹಲ್ಲುಜ್ಜುವುದು, ಉಗುರು ಕತ್ತರಿಸುವುದು, ಕೈ ತೊಳೆಯುವುದು, ಎಲ್ಲ ಚೆನ್ನಾಗಿ ನಡೆಯುತ್ತದೆ. ಮುಟ್ಟಿನ ಅಧ್ಯಾಯ ಬಂತೋ, ಮೇಡಂಗೆ ಇದ್ದಕ್ಕಿದ್ದಂತೆ ಕೆಮ್ಮು. "ಇದು ಸುಲಭ ಇದೆ, ಮನೇಲಿ ಓದ್ಕೊಳ್ಳಿ." ಕ್ಲಾಸಿನಲ್ಲಿ ಒಬ್ಬ ಹುಡುಗನೂ ಇಲ್ಲ, ಮೇಡಂ ಕೂಡ ಹೆಂಗಸೇ. ಹಾಗಿದ್ದರೆ ಯಾರಿಗೆ ನಾಚಿಕೊಂಡರು? ಬಹುಶಃ ಪುಸ್ತಕದ ಚಿತ್ರಕ್ಕೆ. ಆದರೆ ಪಾಠದಲ್ಲಿ ಬಾಯಿಬಿಡದ ಇದೇ ವಿಷಯ ಆಟ ತಪ್ಪಿಸಲು ಮಾತ್ರ ಅಧಿಕೃತ ಕಾರಣ. "ಮೇಡಂ, ಹೊಟ್ಟೆನೋವು" ಅಂದರೆ ಸಾಕು, ಕೂರಲು ಅಪ್ಪಣೆ. ನಿಜವಾಗಿ ನೋವಿದ್ದವಳು ಕೂರಲಿ, ಬೇಡ ಅನ್ನುವವರು ಯಾರು? ಹಗುರವಾದ ವ್ಯಾಯಾಮದಿಂದ ಎಷ್ಟೋ ಜನಕ್ಕೆ ಆ ನೋವು ಕಡಿಮೆಯಾಗುತ್ತದೆ, ಮುಟ್ಟಾದಾಗಲೂ ಆಡಬಹುದು ಅನ್ನುವುದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಅದೂ ಆ ಅಧ್ಯಾಯದಲ್ಲೇ ಹೇಳಬೇಕಾಗಿದ್ದ ಮಾತು, ಮನೆಯಲ್ಲಿ ಓದಿಕೊಳ್ಳಬೇಕಿತ್ತು.

ಸಮವಸ್ತ್ರದ ಬಗ್ಗೆ ಒಂದೇ ಮಾತು: ಬಿಳಿ ಸ್ಕರ್ಟ್ ಆರಿಸಿದ ಸಮಿತಿಯಲ್ಲಿ ಅದನ್ನು ಹಾಕಿಕೊಂಡು ಓಡಬೇಕಾದವರು ಯಾರೂ ಇರಲಿಲ್ಲ.

ವರ್ಷಕ್ಕೊಮ್ಮೆ ಕ್ರೀಡಾದಿನ ಮಾತ್ರ ಭರ್ಜರಿ. ಅಷ್ಟು ದಿನ ಬಿಸಿಲು ಕೆಟ್ಟದ್ದಾಗಿತ್ತಲ್ಲ, ಅವತ್ತು ಒಳ್ಳೆಯದಾಗುತ್ತದೆ. ಮುಖ್ಯ ಅತಿಥಿ ತಡವಾಗಿ ಬರುತ್ತಾರೆ, ಹುಡುಗಿಯರು ಅಲ್ಲಿಯವರೆಗೆ ಸಾಲಾಗಿ ನಿಂತಿರುತ್ತಾರೆ. ಹೆಣ್ಣುಮಕ್ಕಳು ಯಾವುದರಲ್ಲೂ ಕಡಿಮೆಯಿಲ್ಲ ಅಂತ ಅತಿಥಿ ಶಾಮಿಯಾನದ ನೆರಳಿನಲ್ಲಿ ನಿಂತು ಉದ್ದಕ್ಕೆ ಭಾಷಣ ಮಾಡುತ್ತಾರೆ. ಭಾಷಣ ಜಾಸ್ತಿಯಾಗಿ ಹೊತ್ತು ಮೀರುತ್ತದೆ, 400 ಮೀಟರ್ ಓಟವನ್ನು ಕೈಬಿಡುತ್ತಾರೆ. ಬಹುಮಾನ ವಿತರಣೆಯನ್ನು ಮಾತ್ರ ಬಿಡುವುದಿಲ್ಲ, ಫೋಟೋಗ್ರಾಫರ್‌ಗೆ ಆಗಲೇ ಹೇಳಿಬಿಟ್ಟಿರುತ್ತಾರೆ.

ಕೊನೆಗೆ ಹೆಡ್‌ಮಿಸ್ ವಾರ್ಷಿಕ ವರದಿ ಓದುತ್ತಾರೆ: "ಈ ಸಾಲಿನಲ್ಲಿ ನಮ್ಮ ಮೈದಾನದಲ್ಲಿ ಒಬ್ಬ ವಿದ್ಯಾರ್ಥಿನಿಗೂ ಸಣ್ಣ ಗಾಯ ಸಹ ಆಗಿಲ್ಲ." ಅಪ್ಪಟ ಸತ್ಯ. ಜೋರು ಚಪ್ಪಾಳೆ. ಮುಂದಿನ ವರ್ಷವೂ ಈ ದಾಖಲೆ ಉಳಿಯಲಿ ಅಂತ ಮೈದಾನದ ಅರ್ಧ ಭಾಗದಲ್ಲಿ ಹೊಸ ಪರೀಕ್ಷಾ ಹಾಲ್ ಕಟ್ಟಿಸುತ್ತಿದ್ದಾರೆ.