14 ದಾಟಿದವರ ಗಿಲಕಿ

ದುಗ್ಗಮ್ಮನ ಜಾತ್ರೆ ದಾವಣಗೆರೆಗೆ ಬರುವುದು ಎರಡು ವರ್ಷಕ್ಕೊಮ್ಮೆ. ಮುಂದಿನ ಜಾತ್ರೆ ಹೊತ್ತಿಗೆ ಮೊಮ್ಮಗಳು ಗಿಲಕಿ ಬಿಟ್ಟು ಮೊಬೈಲ್ ಕೇಳುತ್ತಾಳೆ. ಅದಕ್ಕೆ ಈ ಸಲವೇ ಒಂದು ಹಳದಿ ಗಿಲಕಿ ಕೈಗೆತ್ತಿಕೊಂಡೆ.

"ಐಎಸ್‌ಐ ಮಾರ್ಕ್ ಐತೇನಪ್ಪಾ?"

"ಐತ್ರೀ ಯಜಮಾನ್ರೇ, ಡಬ್ಬಿ ಮ್ಯಾಲೆ."

"ಡಬ್ಬಿ ಎಲ್ಲಿ?"

"ಮಕ್ಳು ಡಬ್ಬಿ ಜೊತೆ ಆಡ್ತಾವೇನ್ರೀ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, 50 ರೂಪಾಯಿ ಇತ್ತು. ಕೊಟ್ಟೆ.

ಮನೆಗೆ ಬಂದು ಕನ್ನಡಕ ಹಾಕಿ ನೋಡಿದರೆ ಹಿಡಿಯ ಮೇಲೊಂದು ಪುಟ್ಟ ಸ್ಟಿಕರ್: '14+'. ಮೊಮ್ಮಗಳಿಗೆ 11 ತಿಂಗಳು!

ಇದರ ಮರ್ಮ ಆಮೇಲೆ ಹೊಳೆಯಿತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆ ಅಂದರೆ 14 ವರ್ಷದೊಳಗಿನವರು ಆಡುವ ಸಾಮಾನು. ಸ್ಟಿಕರ್ ಅಂಟಿಸಿದರೆ ಮುಗೀತು, ಮಾಡಿದವರ ಲೆಕ್ಕದಲ್ಲಿ ಗಿಲಕಿ ಆಟಿಕೆಯೇ ಅಲ್ಲ. ಎಸ್ಸೆಸ್ಸೆಲ್ಸಿ ಹುಡುಗರು ಗಿಲಕಿ ಅಲ್ಲಾಡಿಸುತ್ತಾ ಟ್ಯೂಷನ್‌ಗೆ ಹೋಗುವುದನ್ನು ನಾನಂತೂ ಈ ಊರಲ್ಲಿ ನೋಡಿಲ್ಲ.

ಐಎಸ್‌ಐ ಗುರುತಿಗಾಗಿ ಆಟಿಕೆಗೆ ಮಾಡುವ ಪರೀಕ್ಷೆಯ ವಿಧಾನ ಬರೆದವರು ಮಾತ್ರ ಮಕ್ಕಳನ್ನು ಸಾಕಿದವರೇ ಇರಬೇಕು. ಬಣ್ಣ ಕೆರೆದು ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕುತ್ತಾರೆ. 37 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಅಲ್ಲಾಡಿಸುತ್ತಾರೆ, ಇನ್ನೊಂದು ಗಂಟೆ ಸುಮ್ನೆ ಇಡುತ್ತಾರೆ. ಅಂದರೆ ಗಾಜಿನೊಳಗೊಂದು ಕೂಸಿನ ಹೊಟ್ಟೆ. ಆ ಆಮ್ಲಕ್ಕೆ ಇಳಿದ ಸೀಸ, ಕ್ಯಾಡ್ಮಿಯಂ, ಪಾದರಸ ಎಲ್ಲ ಸೇರಿ 8 ಧಾತುಗಳನ್ನು ಅಳೆಯುತ್ತಾರೆ. ಸೀಸ ಕಿಲೋಗೆ 90 ಮಿಲಿಗ್ರಾಂ ದಾಟುವಂತಿಲ್ಲ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಥಾಲೇಟ್‌ಗೆ ಬೇರೆ ಪರೀಕ್ಷೆ.

ಮೊಮ್ಮಗಳು ಗಿಲಕಿ ಬಾಯಿಗಿಟ್ಟಳು, ನಮ್ಮ ಮನೆಯಲ್ಲೂ ಅದೇ ಪರೀಕ್ಷೆ ಶುರುವಾಯಿತು. ಆಮ್ಲ ಅವಳದೇ, ಬಿಸಿಯೂ ಅವಳದೇ. ಅಲ್ಲಾಡಿಸುವುದು ಮಾತ್ರ ನಿಯಮಕ್ಕಿಂತ ಜಾಸ್ತಿ. ವರದಿ ಬರೆಯುವವರು ಯಾರೂ ಇಲ್ಲ ಅಷ್ಟೇ. ಸ್ವಲ್ಪ ಸ್ವಲ್ಪವೇ ಸೀಸ ಒಳಗೆ ಹೋದರೆ ಮಗು ಅಳುವುದಿಲ್ಲ, ಜ್ವರವೂ ಬರುವುದಿಲ್ಲ. ಮೆದುಳಿಗೆ ಪೆಟ್ಟು ಬೀಳುವುದು ನಿಧಾನಕ್ಕೆ. ಮುಂದೆ ಲೆಕ್ಕದಲ್ಲಿ ಅಂಕ ಕಡಿಮೆ ಬಂದರೆ ಮೇಷ್ಟ್ರನ್ನು ಬೈದರಾಯ್ತು, ಅಲ್ವಾ?

ಇಷ್ಟೆಲ್ಲ ವಿವರಿಸಿದೆ. ನನ್ನಾಕೆ ಕೇಳಿಸಿಕೊಂಡಳು, ಗಿಲಕಿ ಕಿತ್ತುಕೊಂಡು ಬಿಸಿನೀರಲ್ಲಿ ತೊಳೆದಳು, "ಇನ್ನೇನೂ ಆಗಲ್ಲ ಬಿಡ್ರಿ" ಅಂತ ತಿರುಗಿ ಕೂಸಿನ ಕೈಗೇ ಕೊಟ್ಟಳು.

ಹತ್ತು ನಿಮಿಷಕ್ಕೆ ಸ್ಟಿಕರ್ ನಾಪತ್ತೆ. ಚಾಪೆ ಕೊಡವಿದೆವು, ತೊಟ್ಟಿಲು ತಡಕಿದೆವು. ಕೊನೆಗೆ ಬಾಯಿ ತೆರೆಸಿ ಬೆರಳು ಹಾಕಿದರೆ ಅಂಗುಳಿಗೆ ಅಂಟಿಕೊಂಡಿತ್ತು, 14+.