ನಮ್ಮನೆ ಜೆಸಿಬಿ

ಚಿಕ್ಕಮಗ್ಳೂರಲ್ಲಿ ಮಳೆ ಸ್ವಲ್ಪ ಹೊಳವಾದ್ರೆ ಸಾಕು, ನಮ್ಮನೆ ನಾಯಿಮರಿ ಅಂಗಳಕ್ಕೆ ಓಡೋಗಿ ಡೇಲಿಯಾ ಬುಡಕ್ಕೇ ಕೈ ಹಾಕುತ್ತೆ, ಅಮ್ಮ ಜೋಪಾನವಾಗಿ ನೆಟ್ಟ ಗೆಡ್ಡೆ ಕಚ್ಕೊಂಡು ಬಂದು ಜಗಲಿ ಮೇಲಿಟ್ಟು ಬಾಲ ಅಲ್ಲಾಡಿಸ್ತಾ ನಿಲ್ಲುತ್ತೆ, ಮೂಗ್ತುಂಬ ಕೆಸರು. ಆಮೇಲೆ ಬೈದ್ರೆ ಯಾಕೆ ಬೈತಿದಾರೆ ಅಂತ್ಲೇ ಅದಕ್ಕೆ ಗೊತ್ತಾಗಲ್ಲ, ಅಗೀತಿರೋವಾಗ್ಲೇ ತಡೀಬೇಕು, ಅದಕ್ಕೇ ಅಂತ ನಾನು ದಿನಾ ಕಾವಲು ಕೂರ್ಲಾ? ಅದ್ರ ಮೇಲೆ ಅಪ್ಪ ಗಿಡಕ್ಕೆ ಮೂಳೆಪುಡಿ ಗೊಬ್ರ ಹಾಕಿದಾರೆ, ಆ ವಾಸ್ನೆಗೆ ನಾಯಿ ಸುಮ್ನಿರುತ್ತಾ ಹೇಳಿ! ಮೂಲೇಲಿ ಮರಳು ಸುರ್ದು, ಒಳಗೆ ಬಿಸ್ಕೆಟ್ ಹೂತು, ಇಲ್ಲಿ ಅಗಿ ಮಾರಾಯ ಅಂತ ಬೇರೆ ಜಾಗಾನೇ ಮಾಡ್ಕೊಟ್ಟೆ. ಬಿಸ್ಕೆಟ್ ತಿಂದು ಸೀದಾ ಡೇಲಿಯಾಗೆ ವಾಪಸ್. ಪಕ್ಕದ್ಮನೆ ಆಂಟಿ ಬೇರೆ, "ಪಾಪ ಮರಿ ಅಲ್ವಾ, ಬಿಡಿ" ಅಂತಾರೆ. ಅವ್ರ ಗುಲಾಬಿ ಹತ್ರ ಒಂದಿನ ಬಿಟ್ಟುಬರ್ಲಾ ಅಂತಿದೀನಿ.